ಒಂಟಿ ಕೊಯ್ತಾ

ದೀಪಾವಳಿ ಮುಗಿದು ಸಕ್ಕರೆ ಫ್ಯಾಕ್ಟರಿಯ ಭೋಂಗಾ ಕೂಗಿತೆಂದರೆ ನನ್ನ ಮೊಣಕಾಲು ನೋಯತೊಡಗುತ್ತವೆ. ಇನ್ನೂ ಒಂದು ಹೆಜ್ಜೆ ನಡೆದಿರುವುದಿಲ್ಲ, ಆಗಲೇ ನೋವು. ನಾನು ತುಕ್ಕಾನಟ್ಟಿಯಲ್ಲಿ ಆಶಾ ಕಾರ್ಯಕರ್ತೆ. ಬಸುರಿಯರನ್ನು ತಪಾಸಣೆಗೆ ಕರೆದೊಯ್ಯುವುದು, ಕೂಸುಗಳಿಗೆ ಲಸಿಕೆ ಹಾಕಿಸುವುದು, ಜ್ವರ ಬಂದವರ ಮನೆ ಬಾಗಿಲು ತಟ್ಟುವುದು ನನ್ನ ಕೆಲಸ. ಮಳೆಗಾಲದಲ್ಲಿ ನನ್ನ ಪಾಲಿಗೆ ಒಂದು ಊರು. ಕಬ್ಬಿನ ಸೀಜನ್ ಬಂತೆಂದರೆ ಎರಡು.

ಆ ಎರಡನೆಯ ಊರಿಗೆ ಹೆಸರಿಲ್ಲ. ಕಾಲುವೆಯ ಬಾಜೂ ಬೀಳು ಬಿದ್ದ ಹೊಲದಲ್ಲಿ ಅದು ಒಂದೇ ಬೆಳಗಿನಲ್ಲಿ ಏಳುತ್ತದೆ. ಬಗ್ಗಿಸಿ ನೆಟ್ಟ ಬಿದಿರ ಗಳ, ಮೇಲೊಂದು ತಾಡಪತ್ರಿ, ಬಾಗಿಲಿಗೆ ಒಂದು ಹಳೆಯ ಸೀರೆ. ಒಳಗೆ ನೆಟ್ಟಗೆ ನಿಲ್ಲಲು ಬರುವುದಿಲ್ಲ. ಕಬ್ಬು ಕಡಿಯುವ ಟೋಳಿಯವರು ವಿಜಯಪುರದ ಆಚೆಯಿಂದ ಪಾತ್ರೆ ಪಗಡ, ಆಡು, ಕೋಳಿ, ಮಕ್ಕಳ ಸಮೇತ ಟ್ರ್ಯಾಕ್ಟರಿನಲ್ಲಿ ಬಂದಿಳಿಯುತ್ತಾರೆ. ಯುಗಾದಿಯ ಹೊತ್ತಿಗೆ ಎಲ್ಲವನ್ನೂ ಕಿತ್ತುಕೊಂಡು ಹೋಗುತ್ತಾರೆ. ಕುಡಿಯುವ ನೀರು ಯಾರಾದರೂ ರೈತರ ಬೋರಿನಿಂದ, ಅದೂ ಕರೆಂಟು ಇದ್ದಾಗ. ಹೆಂಗಸರು ಬಯಲಿಗೆ ಹೋಗಲು ಕಬ್ಬಿನ ಮರೆಯೇ ಗತಿ. ಆ ಕಬ್ಬನ್ನು ಅವರೇ ಕಡಿಯುತ್ತ ಹೋಗುವುದರಿಂದ ಮರೆ ದಿನದಿನಕ್ಕೆ ದೂರ ಸರಿಯುತ್ತದೆ. ಇದನ್ನು ನಾನು ಒಂದು ಮೀಟಿಂಗಿನಲ್ಲಿ ಹೇಳಿದಾಗ ಮೇಲಿನವರೊಬ್ಬರು ನಕ್ಕರು. ನಗುವಂಥದ್ದು ಅದರಲ್ಲಿ ಏನಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಮೊದಲ ಸಲ ಅವರಲ್ಲಿಗೆ ಹೋದಾಗ ನಾನು ಎಡವಿದ್ದು ಎಣಿಕೆಯಲ್ಲಿ. ಎಷ್ಟು ಮಂದಿ ಇದ್ದೀರಿ ಎಂದು ಮುಕಾದಮನನ್ನು ಕೇಳಿದೆ. ಮುಕಾದಮ ಎಂದರೆ ಊರಲ್ಲಿ ಮುಂಗಡ ಕೊಟ್ಟು ಜನರನ್ನು ಕೂಡಿಸಿ ಕರೆತರುವವನು, ಫ್ಯಾಕ್ಟರಿಗೂ ಇವರಿಗೂ ನಡುವೆ ನಿಲ್ಲುವವನು. ಈತ ನಡುವಯಸ್ಸಿನ, ಮೆತ್ತಗಿನ ಮಾತಿನ ಮನುಷ್ಯ. ಕೂಗಾಡುವವನಾಗಿದ್ದರೆ ಜಗಳವಾಡಲು ನನಗೆ ಸುಲಭವಾಗುತ್ತಿತ್ತು.

"ಹನ್ನೆರಡ ಕೊಯ್ತಾ ಅದೇವ್ರಿ ಅಕ್ಕಾರ" ಎಂದ.

ನಾನು ಹನ್ನೆರಡು ಮಂದಿಗೆ ಸಾಕಾಗುವಷ್ಟು ಮಾತ್ರೆ ಕಟ್ಟಿಕೊಂಡು ಹೋದೆ. ಹೋಗಿ ನೋಡಿದರೆ ಅದರ ಎರಡರಷ್ಟು ಜನ, ಮೇಲೆ ಮಕ್ಕಳು ಬೇರೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಅವರ ಮಾತಿನಲ್ಲಿ ಒಂದು ಕೊಯ್ತಾ ಎಂದರೆ ಒಬ್ಬ ಗಂಡ ಮತ್ತು ಒಬ್ಬ ಹೆಂಡತಿ. ಗಂಡ ಕಡಿಯುತ್ತಾನೆ. ಹೆಂಡತಿ ಒಣಗಿದ ಎಲೆ ಸವರಿ, ಪೆಂಡಿ ಕಟ್ಟಿ, ತಲೆಯ ಮೇಲೆ ಹೊತ್ತು, ಟ್ರೇಲರಿಗೆ ಒರಗಿಸಿದ ಹಲಗೆ ಏರಿ ತುಂಬುತ್ತಾಳೆ. ಇಬ್ಬರೂ ಸೇರಿದರೆ ಒಂದು. ಬಿಡಿಸಿ ಕೇಳಿದರೆ ಅವಳು ಅರ್ಧ ಕೊಯ್ತಾ. ಗಂಡನೂ ಅರ್ಧವೇ. ಆದರೆ ಮಾತು ಕೊಟ್ಟವನು ಅವನು, ಮುಂಗಡ ಪಡೆದವನು ಅವನು, ಹೀಗಾಗಿ ಅವನ ಅರ್ಧ ತುಸು ದೊಡ್ಡದು.

ಕೇಳಿ ನನಗೆ ಕಿಡಿ ಹಾರಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಖರೆ ಹೇಳಬೇಕೆಂದರೆ ದಣಿವಾಯಿತು. ನಾನೂ ಎಣಿಕೆಗೆ ಸಿಗದವಳೇ. ನನಗೆ ಬರುವುದಕ್ಕೆ ಪಗಾರ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ನೌಕರಳು ಎನ್ನುವುದಿಲ್ಲ, ಸ್ವಯಂಸೇವಕಿ ಎನ್ನುತ್ತಾರೆ. ಗುಲಾಬಿ ಸೀರೆ ಉಟ್ಟು ಕಚೇರಿಗಳ ಮುಂದೆ ಬಿಸಿಲಿನಲ್ಲಿ ಕೂತು, ನಮ್ಮನ್ನೂ ಕೆಲಸಗಾರರೆಂದು ಕರೆಯಿರಿ ಎಂದು ಗಂಟಲು ಹರಿದುಕೊಂಡು ಬಂದವಳು ನಾನು. ಗೌರವವೇನೋ ಬೇಕಾದಷ್ಟಿದೆ. ಒಲೆಯ ಮೇಲಿಟ್ಟು ಕುದಿಸಲು ಬರುವುದಿಲ್ಲ, ಅಷ್ಟೇ.

ಆ ಟೋಳಿಯಲ್ಲಿ ಒಬ್ಬಳಿದ್ದಳು. ಮೂವತ್ತು ಇನ್ನೂ ಆಗಿರಲಿಲ್ಲ. ಎರಡು ಹೆಣ್ಣುಮಕ್ಕಳ ತಾಯಿ. ದೊಡ್ಡವಳು ಊರಲ್ಲಿ ಸಾಲಿಗೆ ಹೋಗುತ್ತಿದ್ದಳು, ಆದರೆ ಪ್ರತಿ ವರ್ಷ ದೀಪಾವಳಿಗೆ ಪಾಟಿಚೀಲ ಮನೆಯ ಗೂಟಕ್ಕೆ ನೇತುಬಿಟ್ಟು ತಾಯಿಯ ಬೆನ್ನು ಹತ್ತಿ ಬರಬೇಕು. ಉಳಿದ ಹೆಂಗಸರು ನನ್ನನ್ನು ಕಂಡರೆ ತಲೆನೋವು, ಸೊಂಟನೋವು ಎಂದು ಮಾತ್ರೆ ಕೇಳುತ್ತಿದ್ದರು. ಈಕೆ ಪ್ರಶ್ನೆ ಕೇಳುತ್ತಿದ್ದಳು. ಈ ಗುಳಿಗೆ ಯಾಕೆ ಕೆಂಪಗಿದೆ, ಲಸಿಕೆ ಹಾಕಿದ ಮೇಲೆ ಕೂಸಿಗೆ ಜ್ವರ ಯಾಕೆ ಬರಬೇಕು. ಉತ್ತರ ಸರಿಯಿಲ್ಲವೆನಿಸಿದರೆ ಮತ್ತೊಮ್ಮೆ ಕೇಳುತ್ತಿದ್ದಳು. ನನಗೆ ಒಮ್ಮೊಮ್ಮೆ ತಲೆ ಕೆಡುತ್ತಿತ್ತು, ಆದರೂ ಆಕೆಯನ್ನು ಕಂಡರೆ ನನಗೆ ಇಷ್ಟ.

ಜೋಡಿಗಳಲ್ಲಿ ಒಂದು ವಾಡಿಕೆ ಇರುವುದನ್ನು ನನಗೆ ತಿಳಿಸಿದವಳೂ ಆಕೆಯೇ. ತಿಂಗಳಿಗೊಮ್ಮೆ ಹೆಂಡತಿ ಮುಟ್ಟಾದಾಗ ಆಕೆ ಹಲಗೆ ಏರುವುದಿಲ್ಲ. ಕೂತಲ್ಲೇ ಪೆಂಡಿ ಕಟ್ಟುತ್ತಾಳೆ. ಕಡಿಯುವುದನ್ನೂ ಗಂಡ, ಹೊರುವುದನ್ನೂ ಗಂಡ. ಯಾರೂ ಅದನ್ನು ಬಾಯಿಬಿಟ್ಟು ಆಡುವುದಿಲ್ಲ. ಮುಕಾದಮ ಹಲಗೆಯ ಮೇಲೆ ಗಂಡಸನ್ನು ಕಂಡರೆ ತಿಳಿದುಕೊಳ್ಳುತ್ತಾನೆ, ಮುಖ ಆಚೆ ತಿರುಗಿಸುತ್ತಾನೆ. ಕೆಲಸ ನಿಲ್ಲುವುದಿಲ್ಲ, ದಿನ ತಪ್ಪುವುದಿಲ್ಲ. ಕಾನೂನಿನ ಯಾವ ಪುಸ್ತಕವೂ ಇವರಿಗೆ ಕೊಡದ ರಜೆಯನ್ನು ಇವರು ತಮ್ಮತಮ್ಮೊಳಗೇ ಹೀಗೆ ಮಾಡಿಕೊಂಡಿದ್ದರು. ಗಂಡನ ಬೆನ್ನಿನ ಮೇಲೆ, ಅನ್ನಿ.

ಅಂಥದ್ದೇ ಒಂದು ದಿನ ಆಕೆಯ ಗಂಡ ಬಿದ್ದ. ಮಾಗಿಯ ಬೆಳಗು, ಹಲಗೆಯ ಮೇಲೆ ಇಬ್ಬನಿ. ತಲೆಯ ಮೇಲಿನ ಪೆಂಡಿ ಸಮೇತ ಜಾರಿ, ಟ್ರೇಲರಿನ ಗಾಲಿಗೆ ಕಾಲು ಬಡಿದು ಮುರಿಯಿತು. ನನಗೆ ಫೋನು ಬಂತು. ಆಂಬುಲೆನ್ಸಿಗೆ ಹೇಳಿ ಗೋಕಾಕದ ದವಾಖಾನೆಗೆ ಅವನನ್ನು ಸೇರಿಸಿದೆವು. ಡಾಕ್ಟರು ಎಕ್ಸರೇ ಹಿಡಿದು ನೋಡಿ, ಕಾಲಿಗೆ ರಾಡು ಹಾಕಬೇಕು, ಈ ಸೀಜನ್ ಮರೆತುಬಿಡಿ ಎಂದರು. ಆಕೆ ಒಂದೂ ಹನಿ ಕಣ್ಣೀರು ಹಾಕಲಿಲ್ಲ. ವರಾಂಡದ ಗೋಡೆಗೆ ಆನಿಕೊಂಡು ಕೂತು, "ನನ್ನ ಹೊರಿ ಹೊತ್ತ ಬಿದ್ದಾರ್ರಿ" ಎಂದಳು. ನಾನು ಅಂಥದ್ದೇನಿಲ್ಲ ಎಂದೆ. ಅಂಥದ್ದೇ ಇತ್ತು.

ಮರುದಿನ ಮುಕಾದಮ ಬಾಳೆಹಣ್ಣು ಹಿಡಿದುಕೊಂಡು ದವಾಖಾನೆಗೆ ಬಂದ. ರೋಗಿಯ ತಲೆ ನೇವರಿಸಿದ, ದೇವರು ದೊಡ್ಡವನು ಎಂದ. ಆಮೇಲೆ ಆಕೆಗೆ ಹೇಳಿದ.

"ತಂಗಿ, ಈಗ ನಿನ್ನ ಜೋಡಿ ಮುರೀತ. ಎರಡ ದಾರಿ ಅದಾವ. ಇಬ್ಬರೂ ಊರಿಗೆ ಹೋಗ್ರಿ, ಮುಂಗಡದ್ದು ಮುಂದಿನ ವರ್ಷ ನೋಡೂಣು. ಇಲ್ಲಾಂದ್ರ ನಮ್ಮ ಟೋಳ್ಯಾಗ ಒಬ್ಬಂವ ಒಂಟಿ ಅದಾನ, ಅವನ ಹೇಣ್ತಿ ಮೊನ್ನೆ ಬಾಣಂತನಕ್ಕ ಹೋಗ್ಯಾಳ. ಅವನ ಜೋಡಿ ನಿಂದ್ರು. ಬರೇ ಕೆಲಸದ ಮಟ್ಟಿಗೆ."

ಊರಿಗೆ ಹೋಗುವುದೆಂದರೆ ಏನೆಂದು ಆಕೆ ನನಗೆ ಆಮೇಲೆ ಬಿಡಿಸಿ ಹೇಳಿದಳು. ತೀರದ ಮುಂಗಡ ಮುಂದಿನ ವರ್ಷಕ್ಕೆ ಏರುತ್ತದೆ. ಆಗ ಗಂಡನ ಕಾಲು ನೆಟ್ಟಗಿರಲಿ, ಸೊಟ್ಟಗಿರಲಿ, ಕಡಿಯಲು ಬರಲೇಬೇಕು. ದೊಡ್ಡ ಮಗಳ ಕೈಗೂ ಅಷ್ಟೊತ್ತಿಗೆ ಪೆಂಡಿ ಕಟ್ಟುವ ಕೆಲಸ ಬರುತ್ತದೆ. ಇನ್ನೊಬ್ಬನ ಜೋಡಿ ನಿಲ್ಲುವುದೆಂದರೆ ಏನೆಂದು ಆಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಸಿಗೆಯ ಮೇಲಿದ್ದ ಗಂಡ ಗೋಡೆಯ ಕಡೆ ಹೊರಳಿ, "ಹೂಂ ಅನ್ನ" ಎಂದ. ಆ ಮಾತು ಆಡಲು ಅವನಿಗೆ ಎಷ್ಟು ಕಷ್ಟವಾಯಿತೋ ಏನೋ, ನನಗಂತೂ ಅವನ ಮೇಲೆ ಸಿಟ್ಟು ಬಂತು.

ಆಕೆ ಹೂಂ ಅನ್ನಲಿಲ್ಲ. "ನಾ ಒಬ್ಬಾಕಿನ ಕಡೀತೀನಿ. ನನ್ನ ಒಬ್ಬಾಕಿನ್ನ ಒಂದ ಕೊಯ್ತಾ ಅಂತ ಹಿಡೀರಿ" ಎಂದಳು.

ಮುಕಾದಮ ನಗಲಿಲ್ಲ. ಒಂಟಿ ಕೊಯ್ತಾ ಎಂಬುದು ನಮ್ಮಲ್ಲಿ ಇಲ್ಲ ಎಂದು ತಾಳ್ಮೆಯಿಂದ ತಿಳಿಸಿದ. ಹೊಲವನ್ನು ಜೋಡಿಗೊಂದರಂತೆ ಪಟ್ಟಿ ಪಟ್ಟಿಯಾಗಿ ಹಂಚುತ್ತಾರೆ. ಎಲ್ಲ ಪಟ್ಟಿಗಳೂ ಹೆಚ್ಚುಕಡಿಮೆ ಒಟ್ಟಿಗೆ ಮುಗಿಯಬೇಕು. ಒಬ್ಬಳು ಹಿಂದೆ ಬಿದ್ದರೆ ಟ್ರೇಲರ್ ನಿಲ್ಲುತ್ತದೆ, ಟ್ರೇಲರ್ ನಿಂತರೆ ಫ್ಯಾಕ್ಟರಿಯ ಸರದಿ ತಪ್ಪುತ್ತದೆ, ಇಡೀ ಟೋಳಿ ಆಕೆಗೆ ಶಾಪ ಹಾಕುತ್ತದೆ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ನನ್ನ ಹೊಟ್ಟೆ ಉರಿಸಿತು.

ಇಷ್ಟಕ್ಕೆ ಸುಮ್ಮನಿರುವವಳು ನಾನಲ್ಲ. ಆಕೆಯನ್ನು ಕರೆದುಕೊಂಡು ಒಂದು ಕಚೇರಿಗೆ ಹೋದೆ. ಯಾವ ಊರಿನದು ಎಂದು ಬರೆಯುವುದಿಲ್ಲ, ಅಲ್ಲಿದ್ದ ಸಾಹೇಬರು ನಮ್ಮನ್ನು ಕೂಡ್ರಿಸಿ ಚಹಾ ಕುಡಿಸಿದರು, ಅವರ ಮೇಲೆ ನನಗೆ ದೂರಿಲ್ಲ. ಗಂಡನಿಗೆ ಪರಿಹಾರ ಸಿಗುತ್ತದೋ ನೋಡಬೇಕು, ಈಕೆಯನ್ನು ಬೇರೆ ಕೆಲಸಗಾರಳೆಂದು ಹಿಡಿಯಬೇಕು ಎಂದು ಕೇಳಿದೆ. ಅವರು ಪೆನ್ನು ತೆಗೆದುಕೊಂಡು, "ಈಕೀಗಿ ಕೆಲಸಾ ಕೊಟ್ಟಾವ್ರ ಯಾರ್ರಿ?" ಎಂದರು.

ಫ್ಯಾಕ್ಟರಿ ಎಂದೆ. ಅಲ್ಲಿಗೆ ಅವರೇ ಫೋನು ಮಾಡಿದರು. ಕಡಿಯುವವರು ನಮ್ಮ ಜನ ಅಲ್ಲ, ಟ್ರ್ಯಾಕ್ಟರಿನ ಕಾಂಟ್ರ್ಯಾಕ್ಟರನ ಜನ ಎಂದಿತು ಆ ಕಡೆಯ ದನಿ. ಕಾಂಟ್ರ್ಯಾಕ್ಟರನಿಗೆ ಮಾಡಿದರೆ, ನಾನು ಸಾಗಿಸುವವನು, ಜನ ಮುಕಾದಮನವರು ಎಂದ. ಮುಕಾದಮನಿಗೆ ಮಾಡಿದರೆ ಅವನು ಎಂದಿನಂತೆ ಮೆತ್ತಗೆ, "ನಾ ಮಾತಾಡಿದ್ದ ಆಕಿ ಗಂಡನ ಕೂಡ್ರಿ ಸಾಹೇಬ್ರ. ಆಕೀನ ಕರಕೊಂಡ ಬಂದಾಂವ ಅಂವ" ಎಂದ. ಸಾಹೇಬರು ಫೋನು ಕೆಳಗಿಟ್ಟು ಪೆನ್ನಿನ ಮುಚ್ಚಳ ಹಾಕಿದರು. ಹಾಗಾದರೆ ಆಕೆಗೆ ಕೆಲಸ ಕೊಟ್ಟವನು ಕಾಲು ಮುರಿದುಕೊಂಡು ದವಾಖಾನೆಯಲ್ಲಿ ಮಲಗಿದ್ದ. ಪರಿಹಾರ ಕೇಳಬೇಕಾದರೆ ಅವನನ್ನೇ ಕೇಳಬೇಕಿತ್ತು. ಹೊರಗೆ ಬಂದಮೇಲೆ ನಾನು ಮೈ ಪರಚಿಕೊಳ್ಳುವಷ್ಟು ಸಿಟ್ಟಿನಲ್ಲಿದ್ದೆ. ಆಕೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು, ಮಕ್ಕಳನ್ನು ಬೇರೆಯವರ ಗುಡಿಸಲಲ್ಲಿ ಬಿಟ್ಟು ಬಂದಿದ್ದಳು.

ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಮ್ಮ ಬಸ್ಸು ಕುಂಟುತ್ತ ಬಂತು. ಆಕೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ತುಕ್ಕಾನಟ್ಟಿ ಹತ್ತಿರ ಬಂದಾಗ ಆಕೆಯೇ ಬಾಯಿ ಬಿಟ್ಟಳು.

"ಅಕ್ಕಾರ, ನಿಮ್ಮ ಮೈದುನಾರ ಹೊಲಾ ನಾಳಿಂದ ಕಡಿಯಾಕ ಹಿಡೀತಾರಂತ. ಒಂದ ಪಟ್ಟಿ ನನಗ ಕೊಡಾಕ ಹೇಳ್ತೀರೇನ್ರಿ? ಒಂದs ಹೊಲಾ. ಹಿಂದ ಬಿದ್ದೆ ಅಂದ್ರ ನಾನs ಊರಿಗೆ ಹೋಗ್ತೀನಿ."

ಮೈದುನನಿಗೆ ಹೇಳುವುದು ಕಷ್ಟವಾಗಲಿಲ್ಲ. ಅವನು ಮುಕಾದಮನಿಗೆ, ನಮ್ಮ ವೈನಿ ಬಿಡೂದಿಲ್ಲ ಮಾರಾಯಾ, ಒಮ್ಮೆ ನೋಡಿಬಿಡು ಎಂದ. ಮುಕಾದಮ ಬದುವಿನ ಕಡೆಯ ಪಟ್ಟಿಯನ್ನು ಆಕೆಗೆ ಬಿಟ್ಟ. ಬೇಕೆಂದು ಕೆಟ್ಟದ್ದನ್ನು ಕೊಡಲಿಲ್ಲ, ಒಳ್ಳೆಯದನ್ನೂ ಕೊಡಲಿಲ್ಲ.

ಆಕೆ ಉಳಿದವರು ಏಳುವ ಮೊದಲೇ ಹೊಲಕ್ಕೆ ಇಳಿದಿದ್ದಳು. ನಾನು ಚಹಾ ಕಾಸಿಕೊಂಡು ಹೋಗುವಷ್ಟರಲ್ಲಿ ಬೆಳಕು ಹರಿದಿತ್ತು. ಗಂಡನ ಹಳೆಯ ಅಂಗಿ ಸೀರೆಯ ಮೇಲೆ ತೊಟ್ಟು, ತಲೆಗೆ ಟವೆಲ್ಲು ಸುತ್ತಿ, ಎಡಗೈಯಲ್ಲಿ ಗಳ ಹಿಡಿದು ಬುಡಕ್ಕೆ ಬಾರಿಸುತ್ತಿದ್ದಳು. ಒಂದಷ್ಟು ಕಡಿಯುವುದು, ಹಿಂದಕ್ಕೆ ಹೋಗಿ ಎಲೆ ಸವರುವುದು, ಪೆಂಡಿ ಕಟ್ಟುವುದು, ಮತ್ತೆ ಮುಂದೆ ಬಂದು ಕಡಿಯುವುದು. ಜೋಡಿಯಲ್ಲಿ ಒಬ್ಬರು ಮಾಡುವಾಗ ಇನ್ನೊಬ್ಬರು ಒಂದು ಗುಟುಕು ನೀರು ಕುಡಿಯಬಹುದು. ಆಕೆಗೆ ಆ ಇನ್ನೊಬ್ಬರೂ ತಾನೇ. ಅಕ್ಕಪಕ್ಕದ ಪಟ್ಟಿಯ ಹೆಂಗಸರು ನೋಡುತ್ತಿದ್ದರು, ಆದರೆ ಅವರಿಗೆ ಅವರ ಪಟ್ಟಿಯೇ ಹೊರೆ. ಸಹಾಯ ಮಾಡಲಿಲ್ಲವೆಂದು ಅವರನ್ನು ಬೈಯುವ ಬಾಯಿ ನನಗಿಲ್ಲ. ಚಹಾ ಆರಿಹೋಯಿತು, ನಾನೇ ಕುಡಿದೆ.

ಹೊಲ ಮುಗಿಯುವ ದಿನ ಮತ್ತೆ ಹೋದೆ. ನನ್ನದೇ ಪರೀಕ್ಷೆಯ ಫಲಿತಾಂಶ ನೋಡಲು ಹೋದಂತಿತ್ತು. ಹೊಲದ ತುದಿಯಲ್ಲಿ ಪಟ್ಟಿಗಳೆಲ್ಲ ಒಂದೇ ಗೆರೆಗೆ ಬಂದಿದ್ದವು. ಒಂದೆರಡು ಜೋಡಿ ಆಕೆಗಿಂತ ಹಿಂದೆಯೇ ಇದ್ದವು. ಆಕೆ ಕೊನೆಯ ಪೆಂಡಿ ತಲೆಗೇರಿಸಿಕೊಂಡು ಹಲಗೆ ಹತ್ತಿದಳು. ಇಳಿದು ಬಂದವಳು ಮುಕಾದಮನ ಮುಂದೆ ನಿಂತಳು. ಅವನು ತಂಬಾಕು ತಿಕ್ಕುವುದನ್ನು ನಿಲ್ಲಿಸಿ ಆಕೆಯ ಪಟ್ಟಿಯ ಕಡೆ ಒಮ್ಮೆ ನೋಡಿದ.

"ಆತ ಬಿಡ ತಂಗಿ. ಒಂದ ಕೊಯ್ತಾ ಅಂತ ಹಿಡದೆ. ಖರೆ ಒಂದ ಮಾತ. ಕೊಯ್ತಾ ಅಂದಮ್ಯಾಲ ದಿನಾ ತಪ್ಪಸಂಗಿಲ್ಲ. ಜೋಡ್ಯಾಗ ಆದ್ರ ಒಬ್ಬರದ ಒಬ್ಬರು ಸಾಗಸ್ತಾರ. ನಿನ್ನದ ಸಾಗಸಾಕ ಯಾರೂ ಇಲ್ಲ. ಒಂದ ದಿನಾ ಕುಂತಿ ಅಂದ್ರ ನನ್ನ ಕೈಯಾಗ ಏನೂ ಇಲ್ಲ."

ಆಕೆ ಆಗಲಿ ಎಂದು ತಲೆಯಾಡಿಸಿದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ನಾವು ವರ್ಷಗಟ್ಟಲೆ ಬಿಸಿಲಲ್ಲಿ ಕೂತು ಕೇಳುತ್ತಿದ್ದದ್ದು ಆಕೆಗೆ ಒಂದು ಹೊಲದ ತುದಿಯಲ್ಲಿ ಸಿಕ್ಕಿತ್ತು. ಮನೆಗೆ ಬಂದು ಸಿಹಿ ಮಾಡಿದೆ. ಯಾಕೆ ಎಂದು ಗಂಡ ಕೇಳಿದ, ಸುಮ್ಮನೆ ತಿನ್ನಿ ಎಂದೆ. ಮುಕಾದಮನ ಆ ಕೊನೆಯ ಮಾತಿಗೆ ಅವತ್ತು ನಾನು ಕಿವಿಗೊಡಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಟೋಳಿ ಹುಕ್ಕೇರಿ ಕಡೆಗೆ ಹೊರಟುಹೋಯಿತು. ಈ ಕಡೆಯ ಕಬ್ಬು ಮುಗಿದರೆ ಆ ಕಡೆ, ಫ್ಯಾಕ್ಟರಿಯವರು ಕಳಿಸಿದಲ್ಲಿಗೆ. ನನ್ನ ತವರುಮನೆ ಹುಕ್ಕೇರಿಯ ಸಮೀಪ. ಅಣ್ಣನ ಮೊಮ್ಮಗಳ ಜವಳಕ್ಕೆಂದು ಹೋದವಳು, ವಿಚಾರಿಸುತ್ತ ವಿಚಾರಿಸುತ್ತ ಟೋಳಿಯನ್ನು ಹುಡುಕಿಕೊಂಡು ಹೋದೆ. ಆಕೆ ದೂರದಿಂದಲೇ ಕೊಯ್ತಾ ಎತ್ತಿ ಕರೆದಳು. ಹತ್ತಿರ ಹೋದಾಗ ನನಗೆ ಗುರುತೇ ಹತ್ತಲಿಲ್ಲ. ಗಲ್ಲದ ಎಲುಬು ಎದ್ದಿತ್ತು, ಕಣ್ಣಿನ ಒಳಗೆ ಬಿಳಿಚಿಕೊಂಡಿತ್ತು. ರಕ್ತ ಕಡಿಮೆಯಾಗಿದೆ ಎಂದು ಗುಳಿಗೆ ಕೊಟ್ಟೆ. ಎಲ್ಲ ಹೇಗೆ ಎಂದು ಕೇಳಿದೆ, ಮುಟ್ಟಾದ ದಿನಗಳಲ್ಲಿ ಹೇಗೆ ಎಂದೂ ಕೇಳಿದೆ.

"ಒಂದರ ಮ್ಯಾಲ ಒಂದ ಸೀರಿ ಉಡ್ತೀನ್ರಿ" ಎಂದಳು. "ಹಲಗಿ ಏರೂಮುಂದ ಕಣ್ಣ ಕತ್ತಲಿ ಬರ್ತಾವ. ಒಂದ ಸ್ವಲ್ಪ ನಿಂತ ಏರ್ತೀನಿ. ಕೆಳಗ ಮಂದಿ ಇರ್ತಾರಲ್ರಿ, ಅದs ಹೇಸಿ ಅನಸ್ತೈತಿ. ಉಳದದ್ದ ಏನಿಲ್ರಿ."

ಆ ಉಳಿದದ್ದು ಏನು ಎಂದು ನನಗೆ ಗೊತ್ತಿತ್ತು. ಇಷ್ಟು ವರ್ಷ ಹೆಂಗಸರ ಮೈನೋವು ಕೇಳುತ್ತ ಬಂದವಳಿಗೆ ಅದು ಗೊತ್ತಾಗದೆ ಇರುವುದಿಲ್ಲ. ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ನನ್ನ ಕಣ್ಣು ತುಂಬಿ ಬಂದವು. ಮನೆಯಲ್ಲಿ ಜವಳದ ಊಟಕ್ಕೆ ಎಲೆ ಹಾಕಿದ್ದರು, ಹೋಗಿ ಉಂಡೆ.

ಬೇಸಿಗೆಗೆ ಮೊದಲು ಮೂಡಲಗಿಯಲ್ಲಿ ಹೆಣ್ಣುಮಕ್ಕಳದ್ದೊಂದು ಸಭೆಯಾಯಿತು. ನನಗೂ ಮಾತಾಡಲು ಹೇಳಿದ್ದರು. ಆಕೆಯ ಕತೆಯನ್ನೇ ಹೇಳಿದೆ. ಅರ್ಧ ಕೊಯ್ತಾ ಎನಿಸಿಕೊಂಡವಳು ಇಡೀ ಕೊಯ್ತಾ ಆದಳು ಎಂದೆ. ಚಪ್ಪಾಳೆ ನಿಲ್ಲಲೇ ಇಲ್ಲ. ನನಗೆ ಒಂದು ಶಾಲು ಹೊದಿಸಿದರು, ಅಂಥ ಬಿಸಿಲಲ್ಲಿ ಉಣ್ಣೆಯ ಶಾಲು. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಒಂದರ ಮೇಲೊಂದು ಉಟ್ಟ ಸೀರೆಯ ಮಾತನ್ನು ವೇದಿಕೆಯ ಮೇಲೆ ಹೇಗೆ ಆಡುವುದೆಂದು ತಿಳಿಯಲಿಲ್ಲ.

ಮುಂದಿನ ದೀಪಾವಳಿಗೆ ಮತ್ತೆ ಭೋಂಗಾ ಕೂಗಿತು, ಕಾಲುವೆಯ ಬಾಜೂ ಮತ್ತೆ ತಾಡಪತ್ರಿಗಳು ಎದ್ದವು. ಆಕೆ ಬಂದಿದ್ದಳು, ಒಬ್ಬಳೇ. ಗಂಡನ ಕಾಲು ಕೂಡಿತ್ತು, ಆದರೆ ಸೊಟ್ಟಗೆ. ಹೊರೆ ಹೊರಲು ಆಗುವುದಿಲ್ಲ. ಅವನು ಊರಲ್ಲೇ ಉಳಿದು ಮಕ್ಕಳಿಗೆ ಅಡಿಗೆ ಮಾಡಿ ಹಾಕುತ್ತಿದ್ದಾನೆ, ಎರಡೂ ಹೆಣ್ಣುಮಕ್ಕಳು ಸಾಲಿಗೆ ಹೋಗುತ್ತಿದ್ದಾರೆ ಎಂದಳು. ಅದನ್ನು ಹೇಳುವಾಗ ಆಕೆಯ ಮುಖ ನೋಡಬೇಕಿತ್ತು. ದೊಡ್ಡವಳ ಪಾಟಿಚೀಲ ದೀಪಾವಳಿಗೆ ಗೂಟ ಸೇರದೆ ಇದ್ದದ್ದು ಇದೇ ಮೊದಲ ವರ್ಷ. ಮುಕಾದಮ ಈ ಸಲ ಮುಂಗಡವನ್ನು ಆಕೆಯ ಕೈಗೇ ಕೊಟ್ಟಿದ್ದನಂತೆ.

ನಾವು ಬದುವಿನ ಮೇಲೆ ಕೂತಿದ್ದೆವು. ಆಕೆ ಕೊಯ್ತಾ ಮಸೆಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು.

"ಅಕ್ಕಾರ, ಗರ್ಭಚೀಲ ತಗಸಿದ ಮ್ಯಾಲ ಎಷ್ಟ ದಿನಕ್ಕ ತಲಿ ಮ್ಯಾಲ ಹೊರಿ ಹೊರಬಹುದ್ರಿ?"

ಯಾರು ಹೇಳಿದರು ನಿನಗೆ ಎಂದೆ. ಟೋಳಿಯ ಇಬ್ಬರು ಹೆಂಗಸರು ಯಾವುದೋ ಊರಲ್ಲಿ ತೆಗೆಸಿಕೊಂಡಿದ್ದಾರಂತೆ, ತಿಂಗಳ ಕಾಟವೇ ಇಲ್ಲವಂತೆ. ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ನಿನಗೆ ರೋಗವಿಲ್ಲ, ಮುಟ್ಟು ರೋಗವಲ್ಲ. ಈ ವಯಸ್ಸಿಗೆ ತೆಗೆಸಿದರೆ ಎಲುಬು ಟೊಳ್ಳಾಗುತ್ತವೆ, ಸೊಂಟ ಹಿಡಿಯುತ್ತದೆ, ನಲವತ್ತಕ್ಕೇ ಮುದುಕಿಯಾಗುತ್ತೀ. ಆಕೆ ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಆಕೆಯ ಕೈಯಿಂದ ಕಲ್ಲು ಕಸಿದುಕೊಂಡು ಕೆಳಗಿಟ್ಟೆ.

"ನಾ ಮುಕಾದಮನ ಕೂಡ ಮಾತಾಡ್ತೀನಿ. ತಿಂಗಳಿಗೆ ನಾಕ ದಿನಾ ಸೂಟಿ ಕೊಡಸ್ತೀನಿ. ಅಂವ ಒಲ್ಲೆ ಅಂದ್ರ ಎಲ್ಲಿ ತನಕಾ ಬೇಕಾದ್ರೂ ಹೋಗ್ತೀನಿ."

"ಬ್ಯಾಡ್ರಿ" ಎಂದಳು. ಆಕೆ ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ. "ಆ ಮಾತ ಎತ್ತಬ್ಯಾಡ್ರಿ. ಇದಕ್ಕs ಒಂಟಿ ಹೆಂಗಸ ಬ್ಯಾಡ ಅಂದಿದ್ದೆ ಅಂತಾನ. ನನ್ನ ಜಾಗಾ ಹೋಗ್ತೈತಿ. ನನ್ನ ಹಿಂದ ಇನ್ನೊಬ್ಬಾಕಿ ಕೇಳಾಕ ನಿಂತಾಳ, ಆಕೀದೂ ಹೋಗ್ತೈತಿ."

ಅವಳು ಹೇಳಿದ್ದು ಖರೆ ಇತ್ತು. ಟೋಳಿಯಲ್ಲಿ ಗಂಡ ಸತ್ತ ಇನ್ನೊಬ್ಬಳು ಆ ವರ್ಷ ಒಂಟಿ ಕೊಯ್ತಾ ಆಗಲು ಮುಕಾದಮನನ್ನು ಕೇಳುತ್ತಿದ್ದಳು. ಆಕೆ ಕಲ್ಲು ಎತ್ತಿಕೊಂಡು ಮತ್ತೆ ಮಸೆಯತೊಡಗಿದಳು.

"ನಾ ಕೇಳಿದ್ದ ನೀವು ಹೇಳಲಿಲ್ಲ ಅಕ್ಕಾರ. ಎಷ್ಟ ದಿನಕ್ಕ?"

ಹೆದರಲಿ ಎಂದು ದೊಡ್ಡದು ಮಾಡಿ ಹೇಳಿದೆ. ಆರು ತಿಂಗಳು ಭಾರ ಎತ್ತುವ ಹಾಗೇ ಇಲ್ಲ, ಬಗ್ಗುವ ಹಾಗಿಲ್ಲ, ಕೊಯ್ತಾ ಅಂತೂ ಮುಟ್ಟುವ ಹಾಗೇ ಇಲ್ಲ ಎಂದೆ. ಆಕೆ ಕೊಯ್ತಾದ ಅಲಗಿನ ಮೇಲೆ ಹೆಬ್ಬೆರಳು ಆಡಿಸುತ್ತ ತಿಂಗಳು ಎಣಿಸಿದಳು. ಆಮೇಲೆ ಮುಖ ಅರಳಿತು.

"ಹಂಗಾದ್ರ ಚೊಲೋನs ಆತಲ್ರಿ. ಯುಗಾದಿಗೆ ಊರಿಗೆ ಹೋದಕೂಡ್ಲೆ ತಗಸ್ತೀನಿ. ಭೋಂಗಾ ಕೂಗೂದ್ರಾಗ ಆರ ತಿಂಗಳಾ ಆಗೇ ಆಗಿರ್ತೈತಿ. ಒಂದ ದಿನಾನೂ ತಪ್ಪೂದಿಲ್ಲ."

ನನಗೆ ಕೈ ಮುಗಿದು, ಟವೆಲ್ಲು ತಲೆಗೆ ಸುತ್ತಿಕೊಂಡು, ತನ್ನ ಪಟ್ಟಿಗೆ ಇಳಿದಳು.